ಸೌಜನ್ಯದ ಪಾಸೂ ಹಕ್ಕಿನ ಚೀಟಿಯೂ ಒಂದೇ ಅಲ್ಲ

ಶಾಲಾ ಪ್ರವಾಸ ಮುಗಿಸಿ ಬಂದು ವಾರವಾಗಿಲ್ಲ, ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಮ್ಮ ವಿಚಾರಣೆ! ಪಾರ್ಕಿನಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗನನ್ನು ಸಾಲಿನಲ್ಲಿ ನಿಲ್ಲಿಸದೆ ಬೇರೆ ಬಾಗಿಲಿನಿಂದ ಒಳಗೆ ಬಿಡಿಸಿದ್ದು ಯಾಕೆ ಎಂಬುದು ಪ್ರಶ್ನೆ. "ಅವನು ಓಡುತ್ತಾನೆ, ಆಡುತ್ತಾನೆ. ಅವನಿಗೆ ಮಾತ್ರ ಏನು ವಿಶೇಷ ಮಾಸ್ಟ್ರೇ?" ಎಂದರು ಒಬ್ಬರು. "ಬರುವ ವರ್ಷ ನನ್ನ ಮಗನಿಗೂ ಒಂದು ಕಾಗದ ಬರೆದುಕೊಡಿ" ಎಂದು ಇನ್ನೊಬ್ಬರು ನಕ್ಕರು. ನಮಗೆ ನಗು ಬರಲಿಲ್ಲ.

ಆ ಹುಡುಗನಿಗೆ ಆಟಿಸಂ ಇದೆ. ಕಾಲು ಗಟ್ಟಿ, ನಿಜ. ಆದರೆ ತಗಡಿನ ಮಾಡಿನಡಿ, ನೂಕುನುಗ್ಗಲು ಮತ್ತು ಸ್ಪೀಕರಿನ ಗದ್ದಲದ ನಡುವೆ ಮುಕ್ಕಾಲು ಗಂಟೆ ನಿಲ್ಲಿಸಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಅಂಗವೈಕಲ್ಯ ಎಂದರೆ ಗಾಲಿಕುರ್ಚಿ ಮಾತ್ರ ಎಂದು ತಿಳಿದವರಿಗೆ ಅದು ಹಟವಾಗಿ ಕಾಣುತ್ತದೆ.

ಅದೇ ದಿನ ಇನ್ನೊಂದು ಸಂಗತಿಯೂ ನಡೆಯಿತು. ಒಂದು ಆಟ ಅರ್ಧದಲ್ಲಿ ಕೆಟ್ಟು ನಿಂತಿತು. ಪಾರ್ಕಿನವರು ಕ್ಷಮೆ ಕೇಳಿ, ನಮ್ಮ ಮಕ್ಕಳೆಲ್ಲರಿಗೂ ಮತ್ತೊಂದು ಆಟಕ್ಕೆ ಸಾಲಿಲ್ಲದೆ ಹೋಗುವ ಪಾಸು ಕೊಟ್ಟರು. ಸಭೆಯಲ್ಲಿ ಅದರ ಬಗ್ಗೆ ಯಾರಾದರೂ ಸೊಲ್ಲೆತ್ತಿದರೇ? ಇಲ್ಲ! ಆ ಪಾಸು ಸೌಜನ್ಯ. ಕೊಟ್ಟರೆ ಸಂತೋಷ, ಕೊಡದಿದ್ದರೆ ಕೇಳುವಂತಿಲ್ಲ. ಹುಡುಗನಿಗೆ ಸಿಕ್ಕಿದ್ದು ಹಕ್ಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ, ಆಟಿಸಂ ಅದರಲ್ಲಿದೆ. ಅತಿಯಾದ ಹೊರೆಯಾಗದಂತೆ ಮಾಡಬಹುದಾದ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎನ್ನುತ್ತದೆ ಆ ಕಾಯ್ದೆ. ದಾನವನ್ನು ನಗುತ್ತಾ ತೆಗೆದುಕೊಂಡ ನಾವು ಹಕ್ಕಿಗೆ ಮುಖ ಸಿಂಡರಿಸಿದೆವು.

"ಮೋಸ ಮಾಡುವವರಿಲ್ಲವೇ?" ಎನ್ನುತ್ತೀರಿ. ಇದ್ದಾರೆ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಸಾಲು ತಪ್ಪಿಸಲು ಸಿರಿವಂತರು ಅಂಗವಿಕಲರನ್ನು ಬಾಡಿಗೆಗೆ ಕರೆದೊಯ್ಯುತ್ತಾರೆ ಎಂದು 2013ರಲ್ಲಿ ವರದಿಯಾಯಿತು. ಅದೇ ವರ್ಷ ಡಿಸ್ನಿ ಹಳೆಯ ಕಾರ್ಡು ನಿಲ್ಲಿಸಿ ಹೊಸ ಪದ್ಧತಿ ತಂದಿತು. ಸಾಲಿನಲ್ಲಿ ಕಾಯುವಷ್ಟೇ ಹೊತ್ತು ಬೇರೆಡೆ ಕಾದು, ಕೊಟ್ಟ ಸಮಯಕ್ಕೆ ಬರುವುದು. ಅಂದರೆ ಕಾಯುವುದು ತಪ್ಪಲಿಲ್ಲ, ಕಾಯುವ ಜಾಗ ಮಾತ್ರ ಬದಲಾಯಿತು. 2024ರಲ್ಲಿ ನಿಯಮ ಇನ್ನೂ ಬಿಗಿಯಾದಾಗ ಬೇರೆ ಕಾಯಿಲೆಯ ಅನೇಕರು ಹೊರಗುಳಿದು ನೊಂದುಕೊಂಡರು. ಕಳ್ಳರು ಮಾಡಿದ ಮೋಸಕ್ಕೆ ದಂಡ ಕಟ್ಟಿದವರು ರೋಗಿಗಳು! ನಮ್ಮ ಕಾಯ್ದೆಯಲ್ಲೂ ಸುಳ್ಳು ಹೇಳಿ ಸವಲತ್ತು ಪಡೆದವರಿಗೆ ಎರಡು ವರ್ಷದ ತನಕ ಸಜೆಯಿದೆ. ಆದುದರಿಂದ ತಮಾಷೆಗೂ ನಮ್ಮಲ್ಲಿ ಕಾಗದ ಕೇಳಬೇಡಿ.

ಈ ಮಾತನ್ನು ಕಾಸರಗೋಡಿನಲ್ಲಿ ನಿಂತು ಹೇಳಬೇಕಾಗಿ ಬಂತಲ್ಲ ಎಂಬುದೇ ನೋವು. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಎಣ್ಮಕಜೆಯ ತಾಯಂದಿರು ಬೀದಿಗಿಳಿದಾಗ "ಪಾಪ" ಎಂದವರು ನಾವೇ. ಪಾಪ ಎನ್ನುವುದು ಸುಲಭ, ಸಾಲಿನಲ್ಲಿ ಜಾಗ ಬಿಡುವುದು ಕಷ್ಟ.

ಬರುವ ವರ್ಷವೂ ಆ ಹುಡುಗ ಪ್ರವಾಸಕ್ಕೆ ಬರುತ್ತಾನೆ. ಬಸ್ಸು ಗೊತ್ತುಮಾಡುವ ಮೊದಲೇ ಪಾರ್ಕಿಗೆ ಫೋನು ಮಾಡಿ, ಅವನಿಗೆ ಏನು ವ್ಯವಸ್ಥೆಯಿದೆ ಎಂದು ಕೇಳುತ್ತೇವೆ. ಇಲ್ಲ ಎಂದರೆ ಆ ಪಾರ್ಕು ನಮ್ಮ ಶಾಲೆಗೂ ಬೇಡ.