ದೇವದುರ್ಗದ ಬೀದಿನಾಯಿ, ಸಾಕುನಾಯಿಗಳ ನಿರ್ವಹಣೆ ಕುರಿತು ನಾಗರಿಕರ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ರಾಯಚೂರು ಜಿಲ್ಲೆ, ರಾಯಚೂರು.

ವಿಷಯ: ದೇವದುರ್ಗ ಪಟ್ಟಣ ಮತ್ತು ಸುತ್ತಲಿನ ದೊಡ್ಡಿ, ತಾಂಡಾಗಳಲ್ಲಿ ನಾಯಿ ಕಡಿತ ತಡೆಯಲು ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಹಾಗೂ ಸಾಕುನಾಯಿ ನೋಂದಣಿಯನ್ನು ಕಾಲಮಿತಿಯೊಳಗೆ ಆರಂಭಿಸುವ ಬಗ್ಗೆ.

ಮಾನ್ಯರೇ,

ದೇವದುರ್ಗದ ಓಣಿಗಳಲ್ಲಿ ಹೊತ್ತು ಮೂಡುವ ಮೊದಲೇ ಎದ್ದು ಹೊರಡುವವರು ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಣ್ಣುಮಕ್ಕಳು. ಒಂದು ಕೈಯಲ್ಲಿ ರೊಟ್ಟಿ ಬುತ್ತಿ ಮೊದಲಿನಿಂದಲೂ ಇತ್ತು. ಈಗ ಇನ್ನೊಂದು ಕೈಗೆ ಬಡಿಗೆ ಬಂದಿದೆ. ಟಂಟಂ ನಿಲ್ಲುವ ಮೂಲೆಯವರೆಗೆ ಒಬ್ಬರೇ ನಡೆಯುವ ಧೈರ್ಯವಿಲ್ಲದೆ ನಾಲ್ಕೈದು ಮಂದಿ ಕೂಡಿ ಹೋಗುತ್ತಾರೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ನೆಲದಲ್ಲಿ ಅಂಗಳಕ್ಕೆ ಹೊರಸು ಹಾಕಿ ಮಲಗುವುದು ತಲೆತಲಾಂತರದ ರೂಢಿ. ಕೂಸು ಇರುವ ಮನೆಯವರು ಆ ರೂಢಿ ಬಿಟ್ಟು, ಸೆಖೆಯಲ್ಲಿ ಬೆಂದರೂ ಸರಿಯೆಂದು ಬಾಗಿಲು ಹಾಕಿಕೊಂಡು ಒಳಗೇ ಮಲಗುತ್ತಿದ್ದಾರೆ.

ಮನವಿದಾರರು ಕಾಗದ ಬರೆಯುತ್ತಿರುವುದು ಇದೇ ಮೊದಲಲ್ಲ. ಬಾಯಿಮಾತಿನಲ್ಲಿ ಹೇಳಿದ್ದಾರೆ, ಬರೆದುಕೊಟ್ಟಿದ್ದಾರೆ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಮನೆಗೆ ಬಂದಿದ್ದಾರೆ. ಸಂಬಂಧಪಟ್ಟ ಕಚೇರಿಯಿಂದ ಸಿಕ್ಕ ಉತ್ತರಗಳು ಮೂರು. ಹಿಡಿಯಲು ಸಿಬ್ಬಂದಿ ಇಲ್ಲ ಎಂಬುದು ಒಂದು. ಹಿಡಿದರೆ ಕೇಸು ಬೀಳುತ್ತದೆ ಎಂಬುದು ಇನ್ನೊಂದು. ಅನುದಾನ ಬಂದಾಗ ನೋಡೋಣ ಎಂಬುದು ಮೂರನೆಯದು. ಕಚ್ಚಿಸಿಕೊಂಡ ಮಗುವಿನ ತಾಯಿಗೆ ಈ ಮೂರರಲ್ಲಿ ಯಾವುದನ್ನು ಹೇಳಬೇಕೆಂದು ಮನವಿದಾರರಿಗೆ ತಿಳಿದಿಲ್ಲ. ಆದ್ದರಿಂದ ಜಿಲ್ಲಾ ಪ್ರಾಣಿ ದಯಾ ಸಂಘದ ಅಧ್ಯಕ್ಷರೂ ಆಗಿರುವ ತಮ್ಮ ಬಾಗಿಲಿಗೆ ನೇರವಾಗಿ ಬಂದಿದ್ದಾರೆ.

ನಿಯಮಗಳು ಮಾನ್ಯರಿಗೆ ಹೊಸವಲ್ಲ. ಆದರೂ ಮುಂದೆ ಯಾರೂ ತಿಳಿದಿರಲಿಲ್ಲ ಎನ್ನಬಾರದೆಂದು ಇಲ್ಲಿ ಬರೆದಿಡಲಾಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ, ಸಾಕುನಾಯಿಯ ಹೊಣೆಯನ್ನು ಸಾಕಿದವರಿಗೆ ವಹಿಸಿವೆ. ಹಿಡಿದ ನಾಯಿಯನ್ನು ಶಸ್ತ್ರಚಿಕಿತ್ಸೆಯ ನಂತರ ಹಿಡಿದ ಜಾಗಕ್ಕೇ ತಂದು ಬಿಡಬೇಕು. ಅನ್ನ ಹಾಕುವ ಜಾಗವನ್ನು ಗುರುತಿಸುವ ರೀತಿಯನ್ನು 20ನೇ ನಿಯಮ ಹೇಳುತ್ತದೆ. ಇವೇ ನಿಯಮಗಳ ಮೊದಲ ರೂಪ ಬಂದದ್ದು 2001ರಲ್ಲಿ. ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿ ಉಪಯೋಗಕ್ಕೆ ಬಾರದ ನಿಯಮವನ್ನು ಮನವಿದಾರರು ಇನ್ನೂ ನಂಬಿದ್ದಾರೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಈ ಕ್ರಮವನ್ನೇ ಎತ್ತಿಹಿಡಿಯಿತು. ರೇಬಿಸ್ ತಗುಲಿದ ಅಥವಾ ಆಕ್ರಮಣಕಾರಿ ಸ್ವಭಾವದ ನಾಯಿಗಳನ್ನು ಮಾತ್ರ ಹೊರಗಿಟ್ಟು, ಉಳಿದವನ್ನು ಲಸಿಕೆ ಹಾಕಿ ಅವುಗಳ ಜಾಗಕ್ಕೆ ಮರಳಿಸಬೇಕು, ವಾರ್ಡುವಾರು ಅನ್ನದ ಜಾಗ ಗೊತ್ತುಪಡಿಸಬೇಕು ಎಂದಿತು. ಅದೇ ವರ್ಷದ ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳಿಗೆ ಬೇಲಿ ಹಾಕಬೇಕು, ಅಲ್ಲಿಂದ ಹಿಡಿದ ನಾಯಿಯನ್ನು ಮತ್ತೆ ಅಲ್ಲಿಗೇ ಬಿಡಬಾರದು ಎಂದು ಹೇಳಿತು. ದೇವದುರ್ಗಕ್ಕೆ ರೈಲು ನಿಲ್ದಾಣವಿಲ್ಲ, ಉಳಿದೆಲ್ಲವೂ ಇವೆ.

ರಾಜ್ಯದ ಲೆಕ್ಕವೂ ಮುಚ್ಚಿಟ್ಟದ್ದಲ್ಲ. 2024ರಲ್ಲಿ ಕರ್ನಾಟಕದಲ್ಲಿ ಸುಮಾರು 3.6 ಲಕ್ಷ ನಾಯಿ ಕಡಿತದ ಪ್ರಕರಣಗಳು ದಾಖಲಾದವು, 42 ಮಂದಿ ರೇಬಿಸ್‌ನಿಂದ ಸತ್ತರು. 2025ರ ಆಗಸ್ಟ್ ಹೊತ್ತಿಗೆ ಸುಮಾರು 2.86 ಲಕ್ಷ ಕಡಿತ, 26 ಸಾವು. ಮನುಷ್ಯರಿಗೆ ತಗುಲುವ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ರಾಜ್ಯ ಸರ್ಕಾರ 2022ರ ಡಿಸೆಂಬರ್‌ನಲ್ಲೇ ಸಾರಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಕಚ್ಚಿದ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಮೊದಲ ದಿನ, ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ ಲಸಿಕೆ ಹಾಕಿಸಿಕೊಂಡರೆ ಜೀವ ಉಳಿಯುತ್ತದೆ. ಚರ್ಮ ಸೀಳಿ ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಅದು ಇಲ್ಲಿ ಸಿಗದ ದಿನ ಕೂಲಿಯವನು ಅಂದಿನ ಕೂಲಿ ಬಿಟ್ಟು, ಮಗುವನ್ನು ಹೆಗಲಿಗೆ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತಬೇಕು. ನಾಲ್ಕು ಸಲ ಆಸ್ಪತ್ರೆಗೆ ಹೋಗುವುದೆಂದರೆ ನಾಲ್ಕು ದಿನದ ಕೂಲಿ. ಆ ಲೆಕ್ಕ ಹಾಕಿ ಮೂರನೆಯ ಸೂಜಿಗೆ ನಿಲ್ಲಿಸುವವರಿದ್ದಾರೆ. ಅವರನ್ನು ಅಜ್ಞಾನಿಗಳೆಂದು ಬೈಯುವುದು ಸುಲಭ.

ದೇವದುರ್ಗದ ನಾಯಿಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಯನ್ನು ಮನವಿದಾರರು ತಮಗೇ ಕೇಳಿಕೊಂಡರು. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಸುಗ್ಗಿ ಮುಗಿದ ಮೇಲೆ ಇಲ್ಲಿಂದ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ, ಇನ್ನೂ ದೂರದ ಊರುಗಳಿಗೆ ಗುಳೆ ಹೋಗುತ್ತವೆ. ಮುದುಕರನ್ನು ಮನೆ ಕಾಯಲು ಬಿಡುತ್ತಾರೆ, ಕೋಳಿ ಮಾರುತ್ತಾರೆ, ಆಡನ್ನು ಬಂಧುಗಳಿಗೆ ಒಪ್ಪಿಸುತ್ತಾರೆ. ನಾಯಿಯನ್ನು ಯಾರೂ ಕೊಳ್ಳುವುದಿಲ್ಲ, ಲಾರಿಯವನು ಹತ್ತಿಸಿಕೊಳ್ಳುವುದಿಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಅದು ನಾಲ್ಕು ದಿನ ಮಲಗುತ್ತದೆ, ಐದನೆಯ ದಿನ ಹಸಿವು ಅದನ್ನು ಮಾಂಸದಂಗಡಿಯ ಹಿಂದಿನ ತಿಪ್ಪೆಗೆ ಎಳೆಯುತ್ತದೆ. ಹೆಣ್ಣು ನಾಯಿಯಾದರೆ ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಊರು ಅದನ್ನು ಬೀದಿನಾಯಿ ಎನ್ನುತ್ತದೆ. ಹೋದ ವರ್ಷ ಅದಕ್ಕೊಂದು ಹೆಸರಿತ್ತು.

ಹೊಲದ ನಡುವಿನ ದೊಡ್ಡಿಗಳ ಸಂಗತಿ ಬೇರೆ. ಅಲ್ಲಿ ಕಾಡುಹಂದಿ, ಕಳ್ಳರ ಭಯಕ್ಕೆ ಮನೆಗೆ ಎರಡಾದರೂ ನಾಯಿ ಬೇಕು. ಕುರಿಗಾಹಿಗಳಿಗೆ ನಾಯಿಯಿಲ್ಲದೆ ಹಟ್ಟಿಯಿಲ್ಲ. ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳಿ, ದೋಣಿ ಎಂಬ ಪಾತ್ರೆಯಲ್ಲಿ ಎಡೆ ತಿಂದು ಸೇವೆ ಸಲ್ಲಿಸುವ ನಾಡಿದು. ಗಂಗರ ಕಾಲದ ಆತಕೂರು ಶಾಸನ, ಕ್ರಿ.ಶ. 949-50ರಷ್ಟು ಹಿಂದೆ, ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆದಿಟ್ಟಿದೆ. ಇಂಥ ನಾಡಿನ ಜನ ನಾಯಿದ್ವೇಷಿಗಳಲ್ಲ. ಬೇಸತ್ತು ವಿಷ ಇಡುವ ಮಾತಾಡುವವರು ಓಣಿಯಲ್ಲಿ ಇದ್ದಾರೆ. ಮನವಿದಾರರು ಅದನ್ನು ಖಂಡಿಸುತ್ತಾರೆ. ಅದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಅಪರಾಧ. ನಿಷ್ಪ್ರಯೋಜಕ ಕೂಡ: ಒಂದು ಓಣಿ ಖಾಲಿಯಾದರೆ ಪಕ್ಕದ ಓಣಿಯ, ಲಸಿಕೆ ಕಾಣದ ನಾಯಿಗಳು ಬಂದು ಸೇರುತ್ತವೆ.

ಅದೇ ಸಂಹಿತೆಯ 291ನೇ ಕಲಮು ಸಾಕಿದ ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಜನರಿಗೆ ಅಪಾಯ ತಂದವರಿಗೆ ಆರು ತಿಂಗಳವರೆಗಿನ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಹಗಲು ಕಟ್ಟಿ ರಾತ್ರಿ ಬಿಡುವ, ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಸಂತೆ ಬಯಲಿಗೋ ಕಾಲುವೆ ದಂಡೆಗೋ ಚೆಲ್ಲಿ ಬರುವ, ತಳಿ ನಾಯಿ ತಂದು ರೋಗ ಬಂದೊಡನೆ ಊರಾಚೆ ಇಳಿಸಿ ಬರುವ ಸ್ಥಿತಿವಂತರು ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಕೆಲವರ ನೆರೆಹೊರೆಯವರೇ ಈ ಕಾಗದಕ್ಕೆ ಸಹಿ ಹಾಕಿದ್ದಾರೆ. ಕಾನೂನು ಬಡವನ ದೊಡ್ಡಿಗೆ ಮೊದಲು ಹೋಗದೆ ಈ ಸ್ಥಿತಿವಂತರ ಗೇಟಿಗೆ ಮೊದಲು ಬರಲಿ ಎಂಬುದು ಸಹಿ ಹಾಕಿದವರ ಸ್ಪಷ್ಟ ಅಭಿಪ್ರಾಯ.

ಗೋವಾದ ಉದಾಹರಣೆ ದೂರದ್ದಲ್ಲ. ವರ್ಷ ವರ್ಷ ಬಿಡದೆ, ಮನೆಯ ನಾಯಿ ಬೀದಿಯ ನಾಯಿ ಎಂದು ನೋಡದೆ ಲಸಿಕೆ ಹಾಕಿದ ಆ ರಾಜ್ಯ 2021ರಲ್ಲಿ ರೇಬಿಸ್ ನಿಯಂತ್ರಿತ ಪ್ರದೇಶವೆಂದು ಘೋಷಣೆಯಾಯಿತು. ಒಂದು ಪ್ರದೇಶದ ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆ ಮುಟ್ಟಿದರೆ ರೋಗದ ಸರಪಳಿ ಕಡಿಯುತ್ತದೆ. 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬಿಸ್ ಅನ್ನು ದೇಶದಿಂದಲೇ ಕಳೆಯಬೇಕೆಂದು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 28ರಂದು ಯೋಜನೆ ಪ್ರಕಟಿಸಿದೆ. ನೂರರಲ್ಲಿ ಎಪ್ಪತ್ತು ಎಂದು ಹೇಳಲು ಮೊದಲು ನೂರು ಎಷ್ಟೆಂದು ಗೊತ್ತಿರಬೇಕು. ದೇವದುರ್ಗದಲ್ಲಿ ನಾಯಿಗಳೆಷ್ಟು ಎಂದು ಕೇಳಿದಾಗ ಮನವಿದಾರರಿಗೆ ಯಾರೂ ಒಂದು ಅಂಕಿ ಹೇಳಲಿಲ್ಲ.

ಆದ್ದರಿಂದ ಕೆಳಗಿನ ಬೇಡಿಕೆಗಳನ್ನು ಸಲ್ಲಿಸಲಾಗಿದೆ.

1. ಪಟ್ಟಣ, ದೊಡ್ಡಿ ಮತ್ತು ತಾಂಡಾಗಳ ನಾಯಿಗಣತಿಯನ್ನು ಅರವತ್ತು ದಿನಗಳಲ್ಲಿ ಮುಗಿಸಿ, ವಾರ್ಡುವಾರು ಪಟ್ಟಿಯನ್ನು ಸಾರ್ವಜನಿಕ ಫಲಕದಲ್ಲಿ ಹಚ್ಚಬೇಕು.

2. ದೇವದುರ್ಗ, ಮಾನ್ವಿ ಮತ್ತು ಸಿರವಾರ ಸೇರಿ ಬಳಸಬಹುದಾದ ಒಂದು ಸಂತಾನಹರಣ ಶಸ್ತ್ರಚಿಕಿತ್ಸಾ ಕೇಂದ್ರವನ್ನು, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆಯೊಂದಿಗೆ ಸ್ಥಾಪಿಸಬೇಕು. ಸಣ್ಣ ಪಟ್ಟಣವೊಂದಕ್ಕೆ ಒಂಟಿಯಾಗಿ ಇದು ಹೊರಲಾಗದ ಭಾರವೆಂದು ಮನವಿದಾರರೂ ಬಲ್ಲರು. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೆ ಪಾಲು ತೆಗೆದಿಡಬೇಕು. ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯ ಗುರುತನ್ನು ಓಣಿಯ ಜನರಿಗೆ ತೋರಿಸಿ ಹೇಳಬೇಕು; ಮರಳಿ ಬಂದ ನಾಯಿ ಸುರಕ್ಷಿತವೆಂದು ತಿಳಿಯದೆ ಜನ ಕಲ್ಲು ಹೊಡೆಯುತ್ತಾರೆ.

3. ನಾಯಿ ಹಿಡಿಯುವ ಕೆಲಸಕ್ಕೆ ಹೊರಗಿನ ಗುತ್ತಿಗೆದಾರರ ಬದಲು ತರಬೇತಿ ಪಡೆದ ಸ್ಥಳೀಯ ಯುವಕರನ್ನು ದಿನಗೂಲಿಯ ಮೇಲೆ ತೆಗೆದುಕೊಳ್ಳಬೇಕು. ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುವ ಸ್ಥಳೀಯ ಉಸ್ತುವಾರಿ ಸಮಿತಿ ತಿಂಗಳಿಗೊಮ್ಮೆ ಸೇರಬೇಕು. ಮನವಿದಾರರಲ್ಲಿರುವ ನಿವೃತ್ತ ಪಶುವೈದ್ಯಕೀಯ ಸಿಬ್ಬಂದಿಯ ಅನುಭವವನ್ನು ಆ ಸಮಿತಿ ಬಳಸಿಕೊಳ್ಳಬೇಕು.

4. ತಾಲ್ಲೂಕು ಆಸ್ಪತ್ರೆಯಲ್ಲಿ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ದಾಸ್ತಾನನ್ನು ಪ್ರತಿದಿನ ಫಲಕದಲ್ಲಿ ಬರೆಯಬೇಕು. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಪರಿಹಾರ, ಅಂದರೆ ಸಾವಿಗೆ 5 ಲಕ್ಷ, ಕಡಿತಕ್ಕೆ 5,000 ರೂಪಾಯಿ, ಪಡೆಯುವ ಅರ್ಜಿ ನಮೂನೆ ಅದೇ ಆಸ್ಪತ್ರೆಯಲ್ಲಿ ಸಿಗಬೇಕು.

5. ಸಾಕುನಾಯಿಗಳ ನೋಂದಣಿ ಮತ್ತು ವಾರ್ಷಿಕ ಲಸಿಕೆ ಕಡ್ಡಾಯವಾಗಬೇಕು, ಕೊರಳಿಗೆ ಬಿಲ್ಲೆ ಬರಬೇಕು. ಕುರಿಗಾಹಿಗಳ ಹಾಗೂ ದೊಡ್ಡಿವಾಸಿಗಳ ನಾಯಿಗಳಿಗೆ ಶುಲ್ಕ ಪೂರ್ತಿ ಮನ್ನಾ ಆಗಬೇಕು, ಪಶುಪಾಲನಾ ಇಲಾಖೆಯ 1962 ಸಹಾಯವಾಣಿಯ ಸಂಚಾರಿ ವಾಹನ ಅವರ ಹಟ್ಟಿಗೇ ಹೋಗಬೇಕು. ಮನವಿದಾರರಲ್ಲಿ ಕುರಿಗಾಹಿ ಕುಟುಂಬಗಳು ಸಾಕಷ್ಟಿವೆ. ಕುರಿ ಬಿಟ್ಟು ಪಟ್ಟಣಕ್ಕೆ ಬಂದು ಸಾಲಿನಲ್ಲಿ ನಿಲ್ಲಲು ಅವರಿಗೆ ಆಗುವುದಿಲ್ಲ.

6. ಗುಳೆ ಹೋಗುವ ಕುಟುಂಬಗಳ ನಾಯಿಗಳಿಗೆ ಹೊರಡುವ ಮೊದಲೇ ಉಚಿತ ಶಸ್ತ್ರಚಿಕಿತ್ಸೆ, ಲಸಿಕೆ ಆಗಬೇಕು. ಆ ತಿಂಗಳುಗಳಲ್ಲಿ ಅವನ್ನು ನೋಡಿಕೊಳ್ಳುವ ಮುದುಕರಿಗೆ, ನೆರೆಯವರಿಗೆ ಆಹಾರದ ನೆರವು ದೊರೆಯಬೇಕು.

7. ಮಾಂಸದಂಗಡಿಗಳ ತ್ಯಾಜ್ಯವನ್ನು ದಿನವೂ ಮುಚ್ಚಿದ ಗಾಡಿಯಲ್ಲಿ ಒಯ್ಯಬೇಕು. ನೀರು, ಚರಂಡಿ ಇರುವ ಶೆಡ್ಡುಗಳನ್ನು ಕಟ್ಟಿ ಈಗಿರುವ ವ್ಯಾಪಾರಿಗಳಿಗೇ ಮೊದಲು ಹಂಚಬೇಕು, ಯಾರನ್ನೂ ಒಕ್ಕಲೆಬ್ಬಿಸಬಾರದು. ಖಾನಾವಳಿಗಳ ಓಣಿಗೆ ಕಸದ ಗಾಡಿ ಬೆಳಿಗ್ಗೆ ಏಳರೊಳಗೆ ಬರಬೇಕು.

8. ಅನ್ನ ಹಾಕುವ ಜಾಗಗಳನ್ನು ಶಾಲೆ, ಅಂಗನವಾಡಿಗಳಿಂದ ದೂರ ಗೊತ್ತುಪಡಿಸಬೇಕು. ಉಳಿದ ರೊಟ್ಟಿ ಚೂರು ಹಾಕುವ ಮುದುಕಿಯರನ್ನು ಅಪರಾಧಿಗಳಂತೆ ಗದರಬಾರದು. ಜಾಗ ತೋರಿಸಿದರೆ ಅವರು ಅಲ್ಲಿಗೇ ಹೋಗುತ್ತಾರೆ.



ಇವೆಲ್ಲ ಒಂದೇ ದಿನದಲ್ಲಿ ಆಗಲೆಂದು ಯಾರೂ ಕೇಳುತ್ತಿಲ್ಲ. ಎಂಟರಲ್ಲಿ ಮೊದಲ ಎರಡು ಮತ್ತು ನಾಲ್ಕನೆಯದು ತಡಮಾಡಲಾಗದವು. ಉಳಿದವಕ್ಕೆ ಮನವಿದಾರರು ಕಾಯಬಲ್ಲರು. ಕಾಯುವುದು ಈ ತಾಲ್ಲೂಕಿಗೆ ಅಭ್ಯಾಸವಾಗಿದೆ. ಗಣತಿಗೆ ಓಣಿಗೆ ಇಬ್ಬರಂತೆ ಸ್ವಯಂಸೇವಕರನ್ನು, ಲಸಿಕೆ ದಿನ ನಾಯಿ ಹಿಡಿದುಕೊಡುವ ಪರಿಚಿತ ಕೈಗಳನ್ನು ಮನವಿದಾರರೇ ಒದಗಿಸುತ್ತಾರೆ. ತಮ್ಮ ತಮ್ಮ ಮನೆಯ ನಾಯಿಗಳನ್ನು ಮೊದಲು ನೋಂದಾಯಿಸುವುದಾಗಿ ಅವರೆಲ್ಲ ಒಪ್ಪಿದ್ದಾರೆ. ಅದನ್ನು ಸಹಿಯ ಪಕ್ಕದಲ್ಲೇ ಬರೆದಿದ್ದಾರೆ.

ಸ್ವೀಕೃತಿ ಮೊಹರಿನ ಜೊತೆಗೆ ಈ ಸಲ ಲಿಖಿತ ಉತ್ತರವೂ ಬೇಕಾಗಿದೆ: ಯಾವ ಅಧಿಕಾರಿ, ಯಾವ ಕೆಲಸ, ಯಾವ ದಿನಾಂಕದೊಳಗೆ. ಸುಗ್ಗಿ ಮುಗಿಯುತ್ತ ಬಂದಿದೆ, ಲಾರಿಗಳು ಊರ ಅಂಚಿಗೆ ಬಂದು ನಿಲ್ಲುವ ದಿನ ದೂರವಿಲ್ಲ. ಅವು ಹೊರಡುವ ಮೊದಲು ಲಸಿಕೆಯ ಮೊದಲ ಶಿಬಿರ ದೇವದುರ್ಗದಲ್ಲಿ ನಡೆಯಬೇಕೆಂದು ಪ್ರಾರ್ಥಿಸಲಾಗಿದೆ.


ಮನವಿದಾರರು,
ದೇವದುರ್ಗ ಪಟ್ಟಣ ಹಾಗೂ ಸುತ್ತಲಿನ ದೊಡ್ಡಿ, ತಾಂಡಾಗಳ ನಿವಾಸಿಗಳು