ಕಲ್ಲಿಗೆ ಕೈಮುಗಿದು ಉಣ್ಣುವುದು

ಮಡಿಕೇರಿಯಲ್ಲಿ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತವಿದೆ. ದಿನವೂ ಸಾವಿರಾರು ಜನ ಅದನ್ನು ಬಳಸಿ ಹೋಗುತ್ತಾರೆ. ಆ ಹೆಸರಿನ ಹಿಂದಿನ ಕಥೆ ಮಾತ್ರ ನಮ್ಮ ದೇಶಕ್ಕೇ ಬಹಳ ವರ್ಷ ತಿಳಿದಿರಲಿಲ್ಲ.

1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರ ನಸುಕಿನಲ್ಲಿ, ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳ ದಂಡೊಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟಿತು. ಸ್ಕ್ವಾಡ್ರನ್ ಲೀಡರ್ ದೇವಯ್ಯ ಆ ದಿನ ಬದಲಿ ಪೈಲಟ್; ಒಂದು ಜಾಗ ತೆರವಾದಾಗ ಹಾರಿದರು. ಉಳಿದವರ ಜೊತೆ ಹಿಂತಿರುಗಲಿಲ್ಲ. ಕಾಣೆಯಾದರು ಎಂಬುದಷ್ಟೇ ಮನೆಯವರಿಗೆ ಸಿಕ್ಕ ಸುದ್ದಿ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಯುದ್ಧಕಥನ ಬರೆದಾಗ ಸಂಗತಿ ಹೊರಬಿತ್ತು: ಶಬ್ದಕ್ಕಿಂತ ವೇಗವಾಗಿ ಹಾರಬಲ್ಲ ಸ್ಟಾರ್‌ಫೈಟರ್ ಒಂದು ಮಿಸ್ಟೇರನ್ನು ಬೆನ್ನಟ್ಟಿತ್ತು, ಪೆಟ್ಟು ತಿಂದ ಮೇಲೂ ಆ ಮಿಸ್ಟೇರ್ ತಿರುಗಿ ನಿಂತು ಸ್ಟಾರ್‌ಫೈಟರನ್ನೇ ಉರುಳಿಸಿತ್ತು. ಆ ಮಿಸ್ಟೇರಿನಲ್ಲಿದ್ದವರು ದೇವಯ್ಯ. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಮಹಾವೀರ ಚಕ್ರ ಅವರ ಪತ್ನಿಯ ಕೈ ಸೇರಿತು.

ಎದುರಾಳಿಗಳು ನೆನಪಿಟ್ಟುಕೊಳ್ಳದೆ ಹೋಗಿದ್ದರೆ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ದೇವಯ್ಯನವರಾದರೂ ವಾಯುಪಡೆಯ ಅಧಿಕಾರಿ. ಪದಾತಿ ದಳದಲ್ಲಿ ಹೋರಾಡಿ, ಹವಾಲ್ದಾರನಾಗಿ ನಿವೃತ್ತನಾಗಿ, ಊರಿಗೆ ಬಂದು ಗದ್ದೆ ಉತ್ತವನ ಕಥೆಯನ್ನು ಯಾವ ಲೇಖಕ ಹುಡುಕಿಕೊಂಡು ಬರುತ್ತಾನೆ?

ಈ ನೆಲಕ್ಕೆ ಮರೆವು ಹೊಸತಾಗಿ ಬಂದದ್ದು. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೇ ಬೇಗೂರಿನ 9ನೇ ಶತಮಾನದ ಶಾಸನದಲ್ಲಿ, ಬೆಂಗಳೂರು ಕಾಳೆಗದಲ್ಲಿ ಮಡಿದವನ ನೆನಪಿನೊಂದಿಗೆ. ಊರೂರಿನ ವೀರಗಲ್ಲುಗಳಲ್ಲಿ ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕಲ್ಲು ನಿಲ್ಲಿಸಿ ಕೈತೊಳೆದುಕೊಂಡವರಲ್ಲ ಆ ಜನ. ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಇಷ್ಟು ನೇರವಾದ ಮಾತು ಇಂದಿನ ಯಾವ ಸರ್ಕಾರಿ ಆದೇಶದಲ್ಲಿದೆ?

ಮದ್ದೂರು ಬಳಿಯ ಆತಕೂರಿನ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದೆ. 10ನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದಾಗ ಆತ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಕಾದಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು, ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂದು ಶಾಸನ ಹೇಳುತ್ತದೆ. ನೆನಪನ್ನು ದಿನದ ಊಟಕ್ಕೇ ಕಟ್ಟಿಹಾಕಿದ್ದರು! ನಾವು ಅದನ್ನು ವರ್ಷದ ಒಂದೆರಡು ದಿನಗಳಿಗೆ, ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆಗೆ, ಒಂದು ಹಾರ, ಒಂದು ಶಾಲಿಗೆ ಕಟ್ಟಿದ್ದೇವೆ.

ಬದುಕಿ ಬಂದವರಿಗೆ ವೀರಗಲ್ಲು ಇಲ್ಲ. ಅವರಿಗಿರುವುದು ಪಿಂಚಣಿಗಾಗಿ ವರ್ಷಕ್ಕೊಮ್ಮೆ ಸಲ್ಲಿಸುವ ಜೀವಂತ ಪ್ರಮಾಣಪತ್ರ. ನಮ್ಮ ಹಳ್ಳಿಗಳಲ್ಲಿ ಅವರನ್ನು ಮಿಲಿಟರಿ ತಾತ ಎಂದು ಕರೆಯುತ್ತೇವೆ, ಕರೆದು ಸುಮ್ಮನಾಗುತ್ತೇವೆ. 1971ರ ಯುದ್ಧದಲ್ಲಿ 20 ವರ್ಷದ ಹುಡುಗನಾಗಿದ್ದವನಿಗೆ ಈಗ 70 ದಾಟಿ ಎಷ್ಟೋ ಕಾಲವಾಯಿತು. 1965ರವರು ಇನ್ನೂ ಕಡಿಮೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು, ಆದರೆ ತುರ್ತಿನದು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ದಪ್ಪ ಪುಸ್ತಕ ಇರಲಿ. ಶಾಲೆಯ ಮಕ್ಕಳು ಅದನ್ನು ಹಿಡಿದು ತಾತನ ಜಗಲಿಗೆ ಹೋಗಲಿ. ಯಾವ ರೆಜಿಮೆಂಟು, ಯಾವ ಗಡಿ, ಚಳಿಗೆ ಏನು ಹೊದ್ದಿದ್ದಿರಿ, ಮನೆಯಿಂದ ಕಾಗದ ಬರಲು ಎಷ್ಟು ದಿನ ಹಿಡಿಯುತ್ತಿತ್ತು ಎಂದು ಕೇಳಲಿ. ಪಕ್ಕದ ಬಂಕರಿನಲ್ಲಿದ್ದು ಹಿಂತಿರುಗದ ಗೆಳೆಯನ ಹೆಸರನ್ನೂ ಕೇಳಲಿ. ಬಿಹಾರದವನೋ ಗಢವಾಲದವನೋ, ಯಾವ ಊರಿನವನಾದರೂ ಆ ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳಲಿ.