ಒಂದೇ ಸಾಮಾನು, ಎರಡು ಬೆಲೆ

ಬ್ರಹ್ಮಸಮುದ್ರದ ಕಡೆಯ ನಮ್ಮ ಬಂಧುಗಳಿಗೆ ದನದ ಜಾತ್ರೆಯೇನೂ ಹೊಸದಲ್ಲ. ಅಲ್ಲಿ ಎತ್ತಿನ ವ್ಯಾಪಾರ ಟವೆಲಿನ ಕೆಳಗೆ ನಡೆಯುವುದುಂಟು. ದಲ್ಲಾಳಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಪಕ್ಕದಲ್ಲಿ ನಿಂತವನಿಗೂ ಅದು ತಿಳಿಯದು. ಅವನು ಮೊದಲು ನೋಡುವುದು ಎತ್ತನ್ನಲ್ಲ, ಕೊಳ್ಳುವವನ ಮುಖವನ್ನು. ಮಳೆ ಬಿದ್ದಿದೆ, ಬಿತ್ತನೆ ತಡವಾಗಿದೆ, ಇವನಿಗೆ ಎತ್ತು ಬೇಕೇ ಬೇಕು ಎಂದು ಗೊತ್ತಾದರೆ ಒಂದು ಬೆರಳು ಹೆಚ್ಚುತ್ತದೆ.

ಈಗ ಲೈನ್ ಮನೆಗಳಲ್ಲಿಯೂ ಮೊಬೈಲಿನಲ್ಲೇ ಸಾಮಾನು ತರಿಸುವವರಿದ್ದಾರೆ. ಈ ಅಂಗಡಿಗೆ ನಮ್ಮ ಮುಖ ಕಾಣದೆಂದು ನಾವು ನೆಮ್ಮದಿಯಿಂದಿದ್ದೇವೆ. ಆದರೆ ಯಾವ ಸಾಮಾನನ್ನು ಎಷ್ಟು ಸಲ ನೋಡಿದೆವು, ಯಾವ ಊರಿನಿಂದ, ಯಾವ ಫೋನಿನಿಂದ ನೋಡಿದೆವು, ಹಿಂದೆ ಏನೇನು ಕೊಂಡೆವು ಎಂಬುದನ್ನೆಲ್ಲ ಅದು ನಮ್ಮ ಖಾತೆಯಿಂದಲೂ, ಫೋನಿನಲ್ಲಿ ಬಿಟ್ಟುಹೋಗುವ ಕುಕೀ ಎಂಬ ಗುರುತಿನಿಂದಲೂ ತಿಳಿದುಕೊಳ್ಳಬಲ್ಲದು.

2000ದಲ್ಲಿ ಅಮೆರಿಕದ ಅಮೆಜಾನ್ ಕಂಪೆನಿ ಒಂದೇ ಸಿನಿಮಾ ಡಿವಿಡಿಯನ್ನು ಬೇರೆ ಬೇರೆ ಗಿರಾಕಿಗಳಿಗೆ ಬೇರೆ ಬೇರೆ ಬೆಲೆಗೆ ಮಾರಿತು. ಒಬ್ಬ ಗಿರಾಕಿ ಕುಕೀ ಅಳಿಸಿ ನೋಡಿದಾಗ ಬೆಲೆ ಇಳಿದಿತ್ತು. ಅದು ಗಿರಾಕಿಯ ಗುರುತು ನೋಡಿ ಮಾಡಿದ್ದಲ್ಲ, ಬರೀ ಪರೀಕ್ಷೆ ಎಂದು ಕಂಪೆನಿ ಹೇಳಿತು. ಆದರೂ 6,896 ಮಂದಿಗೆ ಹಣ ಹಿಂತಿರುಗಿಸಿತು. ನಮ್ಮ ದೇಶದಲ್ಲಿ 2025ರ ಜನವರಿಯಲ್ಲಿ, ಒಂದೇ ಸವಾರಿಗೆ ಫೋನು ನೋಡಿ ದರ ಹೇಳುತ್ತಾರೆಂಬ ದೂರಿನ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಓಲಾ, ಊಬರ್ ಕಂಪೆನಿಗಳಿಗೆ ನೋಟೀಸು ಕೊಟ್ಟಿತು. ಎರಡೂ ಕಂಪೆನಿಗಳು ದೂರನ್ನು ಅಲ್ಲಗಳೆದವು.

ಬೆಲೆ ಏರಿದಾಗಲೆಲ್ಲ ಇದೇ ಕಾರಣವೆನ್ನುವುದು ನ್ಯಾಯವಲ್ಲ. ಹಬ್ಬಕ್ಕೆ ಊರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಸೀಟು ಕಡಿಮೆಯಾದಂತೆ ದರ ಏರುತ್ತದೆ. ಅದನ್ನು ನಾವು ನೂರು ಸಲ ನೋಡಿದರೂ ಅಷ್ಟೇ, ಒಂದು ಸಲ ನೋಡಿದರೂ ಅಷ್ಟೇ. ಆದರೆ ಯಾವುದು ಸರಿ, ಯಾವುದು ಮೋಸ ಎಂದು ತಿಳಿಯುವ ದಾರಿಯೇ ನಮಗಿಲ್ಲ. ಪ್ರತಿಯೊಬ್ಬನಿಗೂ ಕಾಣುವುದು ತನ್ನ ಬೆಲೆ ಮಾತ್ರ. ಟವೆಲು ಇಲ್ಲಿಯೂ ಇದೆ. ಪೊಟ್ಟಣದ ಮೇಲಿನ ಎಂ.ಆರ್.ಪಿ. ನಮ್ಮನ್ನು ಸ್ವಲ್ಪ ಕಾಯುತ್ತದೆ, ನಿಜ; ಆದರೆ ಅದು ಮೇಲಿನ ಮಿತಿ, ಅದರ ಕೆಳಗೆ ಆಟಕ್ಕೆ ಬೇಕಾದಷ್ಟು ಜಾಗವಿದೆ. ಬಸ್ಸಿನ ಟಿಕೇಟಿಗಂತೂ ಎಂ.ಆರ್.ಪಿ. ಇಲ್ಲ.

ಆದುದರಿಂದ ಟವೆಲನ್ನು ನಾವೇ ಎತ್ತಬೇಕು. ಬಟವಾಡೆಯ ಸಂಜೆ ಕುಕ್ಕರೋ ಕಂಬಳಿಯೋ ತರಿಸುವ ಮೊದಲು ಪಕ್ಕದ ಮನೆಯವರ ಫೋನಿನಲ್ಲಿಯೂ ಅದೇ ಗಳಿಗೆಯಲ್ಲಿ ಅದೇ ಸಾಮಾನನ್ನು ತೆರೆದು ನೋಡಿರಿ. ಖಾತೆಯಿಂದ ಹೊರಬಂದು ಇನ್ನೊಮ್ಮೆ ನೋಡಿರಿ. ಸಾಗಾಟದ ಖರ್ಚನ್ನೂ ಕೂಡಿಸಿರಿ. ಸಂತೆಯ ಅಂಗಡಿಯಲ್ಲಿ ಕೇಳಲು ನಾಚಿಕೆ ಬೇಡ. ಒಂದೇ ಬಗೆಯ ಗಿರಾಕಿಗಳ ನಡುವೆ ಭೇದ ಮಾಡಬಾರದೆಂದು 2020ರ ಇ-ಕಾಮರ್ಸ್ ನಿಯಮಗಳಲ್ಲಿಯೇ ಇದೆ. ಬೆಲೆ ಬೇರೆಯಾಗಿ ಕಂಡರೆ ಎರಡೂ ಫೋನಿನ ಪರದೆಯ ಚಿತ್ರ ತೆಗೆದಿಟ್ಟುಕೊಂಡು 1915ಕ್ಕೆ ಫೋನು ಮಾಡಿರಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲಿಯೇ ಮಾತಾಡಬಹುದು.